ಕೆಂಪು ಚುಕ್ಕಿಯ ಪಾಠ

ಜಯನಗರವಾಗಲಿ, ಬನಶಂಕರಿಯಾಗಲಿ, ಬೆಳಗಿನ ಗಾಡಿಗೆ ಬಕೆಟ್ಟು ಸುರಿದ ಮೇಲೆ ನಮ್ಮ ಮಟ್ಟಿಗೆ ಕಸದ ಕಥೆ ಮುಗಿಯಿತು. ಆ ಕಥೆಯ ಉಳಿದ ಭಾಗವನ್ನು ಬಹಳ ವರ್ಷ ಅನುಭವಿಸಿದ್ದು ಮಾವಳ್ಳಿಪುರ, ಮಂಡೂರಿನಂಥ ಹಳ್ಳಿಗಳು. 2012ರಲ್ಲಿ ಊರವರ ವಿರೋಧದಿಂದ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಲಾರಿಗಳು ಮಂಡೂರಿನ ಕಡೆ ತಿರುಗಿದವು. ಅಲ್ಲಿಯ ಜನವೂ ನಾತ ತಾಳಲಾರದೆ ಬೀದಿಗಿಳಿದರು. 2014ರ ಕೊನೆಗೆ ಅದೂ ನಿಂತಿತು. ಸಮಸ್ಯೆ ಹಾಗೇ ಇತ್ತು, ವಿಳಾಸ ಮಾತ್ರ ಬದಲಾಗುತ್ತಿತ್ತು.

ಹೋರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬರ್ 1973ರಲ್ಲಿ ಇಂಥವನ್ನು 'ವಿಕೆಡ್ ಪ್ರಾಬ್ಲಮ್ಸ್' ಎಂದು ಕರೆದರು. ನಮ್ಮ ಮಾತಿನಲ್ಲಿ ಕಗ್ಗಂಟು: ಒಂದು ಕಡೆ ಎಳೆದರೆ ಇನ್ನೊಂದು ಕಡೆ ಬಿಗಿಯುತ್ತದೆ. ವ್ಯವಸ್ಥಾ ಚಿಂತನೆ ಎಂಬ ಭಾರದ ಹೆಸರಿನ ಹಿಂದಿರುವುದು ಎಳೆಗಳನ್ನು ಹಿಡಿದು ಹೋಗುವ ತಾಳ್ಮೆ. ಕಸದ ಎಳೆ ಹಿಡಿದರೆ ಅಡುಗೆಮನೆಯಿಂದ ಹೊರಟು, ಟೆಂಡರು, ಗುಜರಿ ಅಂಗಡಿಯ ದರ ಎಲ್ಲವನ್ನೂ ದಾಟಿ, ಚಿಂದಿ ಆಯುವವರ ಕೈಗೆ ಬರುತ್ತೇವೆ.

ನಗರದ ಲೆಕ್ಕದಲ್ಲಿ ಆ ಕೈಗಳು ಬಹುಕಾಲ ಇರಲೇ ಇಲ್ಲ. 2011ರ ಸುಮಾರಿಗೆ 'ಹಸಿರು ದಳ' ಅವರನ್ನು ಸಂಘಟಿಸಿತು. ಪಾಲಿಕೆಯಿಂದ ಅವರಿಗೆ ಗುರುತಿನ ಚೀಟಿ ಸಿಕ್ಕಿತು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳು ಬಂದವು. ಅವುಗಳಲ್ಲಿ ಕೆಲವನ್ನು, ಹಿಂದೆ ಬೀದಿಯಲ್ಲಿ ಆಯುತ್ತಿದ್ದವರೇ ನಡೆಸತೊಡಗಿದರು. ನಿನ್ನೆ ಪೊಲೀಸರನ್ನು ಕಂಡರೆ ಚೀಲ ಬಚ್ಚಿಡುತ್ತಿದ್ದವರು ಇವತ್ತು ತೂಕದ ಪುಸ್ತಕ ಬರೆಯುತ್ತಾರೆ.

ಕ್ಷೇತ್ರಕಾರ್ಯಕ್ಕೆಂದು ಅಂಥದೊಂದು ಕೇಂದ್ರದಲ್ಲಿ ಕೂತಿದ್ದೆ. ವಿಂಗಡಿಸುತ್ತಿದ್ದ ಅಕ್ಕ ಪ್ಲಾಸ್ಟಿಕ್ಕನ್ನು ಕಿವಿಯ ಹತ್ತಿರ ಹಿಡಿದು ಮುದುಡುತ್ತಿದ್ದರು. ಸದ್ದು ಕೇಳಿದರೆ ಜಾತಿ ಗೊತ್ತಾಗುತ್ತದಂತೆ. ಚಿಪ್ಸ್ ಪೊಟ್ಟಣ ಬಂದಾಗ ಮಾತ್ರ ಬದಿಗೆಸೆದರು. "ಇದನ್ನ ಯಾರೂ ಕೊಳ್ಳಲ್ಲ ಕಣಮ್ಮ. ಮಾಡಿದೋರು ನಮ್ಮನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿದ್ವಿ." ಪ್ಲಾಸ್ಟಿಕ್ ಮತ್ತು ಲೋಹದ ಪದರಗಳನ್ನು ಬೇರ್ಪಡಿಸಲಾಗದಂತೆ ಅಂಟಿಸಿದ ಆ ಪೊಟ್ಟಣದ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ.

ಕೇಳಿದರೆ ಏನಾಗುತ್ತದೆ ಎಂಬುದಕ್ಕೂ ಈ ಊರಿನಲ್ಲೇ ಉದಾಹರಣೆಯಿದೆ. ಮನೆಗಳಿಂದ ಬರುವ ಕಾಗದದ ಪೊಟ್ಟಣ ಬಿಚ್ಚಿದರೆ ಒಳಗೆ ಬಳಸಿದ ಪ್ಯಾಡ್ ಅಥವಾ ಡೈಪರ್. ಬಿಚ್ಚುವವರ ಕೈಗೆ ಸೋಂಕಿನ ಭಯ, ಮನಸ್ಸಿಗೆ ಅವಮಾನ. ಬೆಂಗಳೂರಿನ ಕಸ ನಿರ್ವಹಣೆಯ ಸ್ವಯಂಸೇವಕರು 'ರೆಡ್ ಡಾಟ್' ಅಭಿಯಾನದಲ್ಲಿ ಕಂಡುಕೊಂಡ ಉಪಾಯ ಸರಳ: ಹಳೆಯ ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕಿ ಇಡಿ. ಖರ್ಚು ಒಂದು ಹನಿ ಶಾಯಿ. ಆದರೆ ಅಡುಗೆಮನೆಯಿಂದ ಮಾತ್ರ ನೋಡುತ್ತಿದ್ದರೆ ಈ ಚುಕ್ಕಿಯ ಅಗತ್ಯವೇ ಹೊಳೆಯುತ್ತಿರಲಿಲ್ಲ. ವಿಂಗಡಿಸುವ ಮೇಜಿನ ಬಳಿ ನಿಂತರೆ ಮಾತ್ರ ಅದು ಕಾಣುತ್ತದೆ. ಸಹವಿನ್ಯಾಸ ಎಂದರೆ ನನಗೆ ಅರ್ಥವಾಗಿದ್ದು ಇಷ್ಟು. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಆದೇಶದಿಂದ ಹಸಿ ಕಸಕ್ಕೆ ಹಸಿರು ಬುಟ್ಟಿ, ಇಂಥ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂಬ ಪದ್ಧತಿ ಬಂತು.

ಕಗ್ಗಂಟು ಬಿಚ್ಚಿಹೋಗಿದೆ ಎಂದಲ್ಲ. ಖಾಲಿ ಸೈಟುಗಳ ಮೂಲೆಯಲ್ಲಿ ಈಗಲೂ ರಾಶಿ ಬೀಳುತ್ತದೆ. ಗುಜರಿ ದರ ಇಳಿದರೆ ಕೇಂದ್ರ ನಡೆಸುವವರ ಸಾಲ ಏರುತ್ತದೆ. ನಾವು ವಿಶ್ವವಿದ್ಯಾಲಯದವರು ಕಾರ್ಯಾಗಾರ ಮಾಡಿ, ಗೋಡೆಗೆ ಬಣ್ಣದ ಚೀಟಿ ಅಂಟಿಸಿ, 'ಎಲ್ಲರ ಪಾಲ್ಗೊಳ್ಳುವಿಕೆ' ಎಂದು ವರದಿ ಬರೆಯುವುದು ಸುಲಭ. ಮುಂದಿನ ಸಭೆಗೆ ಬರುತ್ತೀರಾ ಎಂದು ಆ ಅಕ್ಕನನ್ನು ಕರೆದೆ. ಅವರು ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸುತ್ತಲೇ ಕೇಳಿದರು: "ಬರ್ತೀನಿ. ಆವತ್ತಿನ ಕೂಲಿ ಯಾರು ಕೊಡ್ತಾರೆ?"

ಆ ಸಭೆಯ ಬಜೆಟ್ಟಿನಲ್ಲಿ ಈಗ ಚಹಾ, ತಿಂಡಿಯ ಸಾಲಿಗಿಂತ ಮೇಲೆ ಕೂಲಿಯ ಸಾಲಿದೆ.