ಅಡುಗೆಮನೆಯ ಹೊಸ್ತಿಲು

ಪಾಕವು ಸ್ತ್ರೀಯರದೇ ಕಾರ್ಯವೆಂಬುದು ಲೋಕರೂಢಿ. ಆದರೆ ಉತ್ತಮವಾದ ಅಡುಗೆಯನ್ನು ಅದೇ ಲೋಕವು ‘ನಳಪಾಕ’, ‘ಭೀಮಪಾಕ’ ಎಂದು ಹೊಗಳುವುದು! ಬಾಹುಕನ ವೇಷದಲ್ಲಿದ್ದ ನಳನನ್ನು ಗುರುತಿಸಲು ದಮಯಂತಿಗೆ ಅವನ ಅಡುಗೆಯ ರುಚಿಯೂ ಒಂದು ಕುರುಹಾಯಿತು. ಭೀಮಸೇನನು ವಲಲನೆಂಬ ಹೆಸರಿನಿಂದ ವಿರಾಟನ ಪಾಕಶಾಲೆಯಲ್ಲಿ ಸೌಟು ಹಿಡಿದನು. ಕನ್ನಡದಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದ ಮೂರನೆಯ ಮಂಗರಸನೂ ಪುರುಷನೇ. ಇವರಾರ ಪೌರುಷಕ್ಕೂ ಇದರಿಂದ ಕುಂದು ಒದಗಲಿಲ್ಲ.

ಜಾತ್ರೆಯ ದಾಸೋಹದಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವರೂ ಪಂಕ್ತಿಯಲ್ಲಿ ಬಡಿಸುವವರೂ ಬಹುಮಟ್ಟಿಗೆ ಗಂಡಸರೇ. ಅದನ್ನು ಸೇವೆಯೆಂದು ಭಾವಿಸುವ ಕೈ, ಮನೆಯಲ್ಲಿ ತಾನುಂಡ ತಟ್ಟೆಯನ್ನೆತ್ತಲು ನಾಚುವುದೇಕೆ? ಹೊರಗೆ ಪುಣ್ಯವಾದುದು ಹೊಸ್ತಿಲೊಳಗೆ ಅಪಮಾನವಾಗುವುದೆಂತು?

ಈ ನಾಚಿಕೆಗೆ ಬೆಲೆ ತೆರುವವಳು ಮನೆಯ ಮಗಳು. ಸಂಜೆ ಅಣ್ಣನ ಮುಂದೆ ಪುಸ್ತಕ ತೆರೆದಿರುವಾಗ ತಂಗಿಯ ಮುಂದೆ ಪಾತ್ರೆಗಳ ರಾಶಿ. ಪ್ರಶ್ನಪತ್ರಿಕೆ ಇಬ್ಬರಿಗೂ ಒಂದೇ. ಓದಿನ ಹೊತ್ತು ಮಾತ್ರ ಸಮನಲ್ಲ.

1976ರ 42ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ, ಸ್ತ್ರೀಯರ ಗೌರವಕ್ಕೆ ಕುಂದು ತರುವ ಆಚರಣೆಗಳನ್ನು ತೊರೆಯುವುದೂ ಒಂದು. ಆ ಕರ್ತವ್ಯದ ಮೊದಲ ಪಾಠ ನಡೆಯಬೇಕಾದುದು ಮನೆಯಲ್ಲಿ. ತಂದೆ ತನ್ನ ತಟ್ಟೆಯನ್ನು ತಾನೇ ತೊಳೆದರೆ ಮಗನಿಗೆ ಬೇರೆ ಉಪದೇಶ ಬೇಕಿಲ್ಲ. ಮಗಳಿಗೂ ಒಂದು ಗಳಿಗೆಯ ಓದು ಲಭಿಸುವುದು.