ಕಾಣದ ಗಿರಾಕಿ

ಅಂಗಡಿ ನಡೆಸುವವನಿಗೆ ಗಿರಾಕಿಯ ಮುಖವೇ ಮೊದಲ ಲೆಕ್ಕದ ಪುಸ್ತಕ. ಯಾರಿಗೆ ಉದ್ದರಿ ಕೊಡಬಹುದು, ಯಾರು ಗಂಟೆಗಟ್ಟಲೆ ಚೌಕಾಸಿ ಮಾಡಿ ಬರಿಗೈಯಲ್ಲಿ ಹೋಗುತ್ತಾರೆ, ಯಾರು ಹೇಳಿದ ಬೆಲೆಯನ್ನು ಮಾತಿಲ್ಲದೆ ಎಣಿಸಿಡುತ್ತಾರೆ ಎಂಬುದೆಲ್ಲ ಹೊಸ್ತಿಲು ದಾಟಿ ಬಂದ ಮುಖದ ಮೇಲೆಯೇ ಬರೆದಿರುತ್ತದೆ. ಆ ಮುಖವೇ ಮರೆಯಾದರೆ ವ್ಯಾಪಾರ ನಡೆಯುವ ಬಗೆ ಯಾವುದು? ಅಂತರಜಾಲದಲ್ಲಿ ಅಂಗಡಿ ತೆರೆದಿರುವ ಯೂರೋಪಿನ ಸಣ್ಣ ವರ್ತಕರನ್ನು ದಿನದಿನವೂ ಕಾಡುವ ಪ್ರಶ್ನೆ ಇದೇ.

ಮುಖ ಕಾಣದ ವ್ಯಾಪಾರ ಯೂರೋಪಿಗೆ ತೀರ ಹೊಸದೇನೂ ಅಲ್ಲ. 1950ರಲ್ಲಿ ಹ್ಯಾಂಬರ್ಗ್ ನಗರದ ವೆರ್ನರ್ ಒಟ್ಟೊ ಎಂಬ ವರ್ತಕ 14 ಪುಟಗಳ ಬೆಲೆಪಟ್ಟಿಯೊಂದನ್ನು ಕೈಯಿಂದಲೇ ಕಟ್ಟಿಸಿ ಹಂಚಿದ. ಅಚ್ಚಾದುದು 300 ಪ್ರತಿ. ಅದರಲ್ಲಿದ್ದುದು 28 ಜೊತೆ ಪಾದರಕ್ಷೆ. ಇಂದು ಅದೇ ಸಂಸ್ಥೆ ಜರ್ಮನಿಯ ಬಹು ದೊಡ್ಡ ಆನ್‌ಲೈನ್ ವ್ಯಾಪಾರಿಗಳಲ್ಲೊಂದು. 1984ರಲ್ಲಿ ಇಂಗ್ಲೆಂಡಿನ ಗೇಟ್ಸ್‌ಹೆಡ್ ಊರಿನ 72 ವರ್ಷದ ವೃದ್ಧೆ ಜೇನ್ ಸ್ನೋಬಾಲ್, ಟೆಲಿಫೋನು ತಂತಿಗೆ ಜೋಡಿಸಿದ ಟೆಲಿವಿಷನ್ನಿನ ಮೂಲಕ ಮಾರ್ಗರೀನು, ಕಾರ್ನ್‌ಫ್ಲೇಕ್ಸು, ಮೊಟ್ಟೆಗಳನ್ನು ಮನೆಗೆ ತರಿಸಿಕೊಂಡರು. ಕುರ್ಚಿಯಿಂದ ಏಳದೆ ಪೇಟೆಗೆ ಹೋಗಿ ಬರುವ ಈ ಸೋಜಿಗ ಇಂದು ಸೋಜಿಗವಾಗಿ ಉಳಿದಿಲ್ಲ. ಸೋಜಿಗವೆಲ್ಲ ಈಗ ಮಾರುವವರ ಪಾಲಿನದು.

ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ, ಮನೆಗೆಲಸ ಮುಗಿಸಿ ಮಕ್ಕಳ ಉಣ್ಣೆಯ ಟೋಪಿ, ಕಾಲುಚೀಲಗಳನ್ನು ಹೆಣೆದು ಮಾರುವ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಯೂರೋಪಿನ ಒಕ್ಕೂಟದಲ್ಲಿ 27 ದೇಶಗಳು. ಅವುಗಳ ನಡುವೆ ಸುಂಕದ ಕಟ್ಟೆಯಿಲ್ಲ. ಅಷ್ಟು ದೇಶಗಳ ಗಿರಾಕಿಗಳೂ ತನ್ನ ಬಾಗಿಲಿಗೆ ಬಂದಂತೆಯೇ ಎಂದು ಆಕೆ ಸಂತೋಷಪಟ್ಟರೆ ತಪ್ಪಲ್ಲ. ಆದರೆ ಗಡಿಯ ಕಂಬವನ್ನು ಕಿತ್ತಷ್ಟು ಸುಲಭವಾಗಿ ಹಣದ ಚೀಲದ ಗಂಟನ್ನು ಬಿಚ್ಚಲು ಬಾರದು. ಒಂದೊಂದು ನಾಡಿನವರು ಅದನ್ನು ಒಂದೊಂದು ರೀತಿಯಲ್ಲಿ ಕಟ್ಟಿಟ್ಟಿದ್ದಾರೆ.

ನೆದರ್ಲೆಂಡ್ಸಿನ ಗಿರಾಕಿಗೆ ತನ್ನ ಬ್ಯಾಂಕಿನಿಂದ ನೇರವಾಗಿ ಹಣ ಸಲ್ಲಿಸುವುದೇ ರೂಢಿ. 2005ರಲ್ಲಿ ಹುಟ್ಟಿದ ‘ಐಡಿಯಲ್’ ಪದ್ಧತಿ ಅಲ್ಲಿ ಮನೆಮಾತಾಯಿತು. ಪೋಲೆಂಡಿನವರಿಗೆ 2015ರಲ್ಲಿ ಬಂದ ‘ಬ್ಲಿಕ್’ ಅಚ್ಚುಮೆಚ್ಚು. ಫೋನಿನಲ್ಲಿ ಮೂಡಿದ ಆರು ಅಂಕಿಗಳನ್ನು ಒತ್ತಿದರೆ ಹಣ ಸಂದಾಯವಾಯಿತು. ಜರ್ಮನಿಯಲ್ಲಿ ಸಾಮಾನು ಮೊದಲು, ಬಿಲ್ಲು ಜೊತೆಗೆ, ಹಣ ಆಮೇಲೆ ಎಂಬ ಹಳೆಯ ಕ್ರಮಕ್ಕೆ ಇನ್ನೂ ಮನ್ನಣೆಯುಂಟು. ರುಮೇನಿಯ, ಬಲ್ಗೇರಿಯಗಳಲ್ಲಿ ಪೊಟ್ಟಣ ಕೈಸೇರಿದ ಮೇಲೆಯೇ ನಗದು ಎಣಿಸುವವರು ಬಹಳ ಮಂದಿ. ವಿ.ಪಿ. ಟಪಾಲಿನಲ್ಲಿ ಪುಸ್ತಕ ತರಿಸಿಕೊಂಡ ಕನ್ನಡದ ಮನೆಗಳಿಗೆ ಈ ಎಚ್ಚರಿಕೆ ಅಪರಿಚಿತವಲ್ಲ.

ತನಗೆ ರೂಢಿಯಾದ ದಾರಿ ಕಾಣದಿದ್ದರೆ ಗಿರಾಕಿ ಜಗಳವಾಡುವುದಿಲ್ಲ, ವಿಚಾರಿಸುವುದೂ ಇಲ್ಲ. ಆರಿಸಿಟ್ಟ ಟೋಪಿಯನ್ನು ಹಾಗೆಯೇ ಬಿಟ್ಟು ಮಾಯವಾಗುತ್ತಾನೆ. ಬೀದಿಯ ಅಂಗಡಿಯಾಗಿದ್ದರೆ “ಏಕಮ್ಮಾ, ಹಾಗೇ ಹೊರಟಿರಿ? ಬೆಲೆ ಹೆಚ್ಚಾಯಿತೆ?” ಎಂದು ಕೂಗಿ ಕರೆಯಬಹುದು. ಇಲ್ಲಿ ಕರೆಯುವುದು ಯಾರನ್ನು? ಸಾಮಾನು ಒಪ್ಪಿಸುವುದರಲ್ಲಿಯೂ ಹೀಗೆಯೇ. 2009ರಿಂದ ಪೋಲೆಂಡಿನ ಬೀದಿಗಳಲ್ಲಿ ಪಾರ್ಸೆಲಿನ ಕಪಾಟುಗಳು ತಲೆಯೆತ್ತಿದವು. ಟಪಾಲಿನವನಿಗಾಗಿ ಮನೆಯಲ್ಲಿ ಕಾದು ಕುಳಿತಿರುವುದಕ್ಕಿಂತ, ಕೆಲಸದಿಂದ ಮರಳುವಾಗ ಕಪಾಟಿನಿಂದ ಪೊಟ್ಟಣ ಎತ್ತಿಕೊಂಡು ಹೋಗುವುದು ಅಲ್ಲಿನವರಿಗೆ ಲೇಸೆನಿಸಿದೆ. ಈ ಸೂಕ್ಷ್ಮಗಳನ್ನೆಲ್ಲ ಪೋರ್ಟೊದ ಆ ಹೆಂಗಸು ಹೆಣಿಗೆಯ ಕಡ್ಡಿ ಕೆಳಗಿಟ್ಟು ಕಲಿಯಬೇಕು.

ಇನ್ನು ಹಿಂದಿರುಗಿಸುವ ಮಾತು. ‘ಒಮ್ಮೆ ಮಾರಿದ ಸಾಮಾನನ್ನು ವಾಪಸು ಪಡೆಯುವುದಿಲ್ಲ’ ಎಂಬ ಫಲಕವನ್ನು ನಮ್ಮ ಪೇಟೆಗಳಲ್ಲಿ ಕಾಣದವರಿಲ್ಲ. ಯೂರೋಪಿನ ಆನ್‌ಲೈನ್ ಅಂಗಡಿಯಲ್ಲಿ ಆ ಫಲಕಕ್ಕೆ ಬೆಲೆಯಿಲ್ಲ. 2014ರ ಜೂನ್ ತಿಂಗಳಿನಿಂದ ಒಕ್ಕೂಟದ ಉದ್ದಗಲಕ್ಕೂ ಕೊಂಡವರಿಗೆ 14 ದಿನಗಳ ಅವಕಾಶ. ಕಾರಣ ಹೇಳಬೇಕಾದ ಹಂಗೂ ಇಲ್ಲ. ಸಾಮಾನಿನ ಬೆಲೆಯಲ್ಲದೆ, ಅದನ್ನು ಕಳುಹಿಸಲು ತೆಗೆದುಕೊಂಡಿದ್ದ ಸಾಮಾನ್ಯ ಸಾಗಣೆಯ ವೆಚ್ಚವನ್ನೂ ಮಾರಿದವರು ಮರಳಿಸಬೇಕು. ಕೈಯಲ್ಲಿ ಹಿಡಿದು ನೋಡದೆ ಕೊಂಡವರಿಗೆ ಈ ರಕ್ಷಣೆ ನ್ಯಾಯವೇ ಸರಿ. ಆದರೆ ದೊಡ್ಡ ವ್ಯಾಪಾರಿಗಳು ವಾಪಸಿನ ಖರ್ಚನ್ನೂ ತಾವೇ ಹೊತ್ತು, ಮೂರು ಅಳತೆಯ ಉಡುಪು ತರಿಸಿ ಎರಡನ್ನು ಹಿಂದಕ್ಕಟ್ಟುವ ಅಭ್ಯಾಸವನ್ನು ಗಿರಾಕಿಗಳಿಗೆ ಕಲಿಸಿಬಿಟ್ಟಿದ್ದಾರೆ. ಸಾವಿರ ಪೊಟ್ಟಣ ಮರಳಿದರೂ ಅವರ ಉಗ್ರಾಣ ಅಲುಗುವುದಿಲ್ಲ. ಹೆಣೆಯುವಾಕೆಗೆ ಹತ್ತು ಟೋಪಿ ಮರಳಿದರೆ ಆ ತಿಂಗಳ ಲಾಭವೇ ಮರಳಿದಂತೆ.

ಕಾನೂನಿನ ಹೊರೆಯೂ ಇದೇ ಬಗೆಯದು. ತಕ್ಕಡಿ ಒಂದೇ, ಹೊರುವ ಹೆಗಲು ಬೇರೆ. 2021ರ ಜುಲೈ 1ರಿಂದ, ಒಕ್ಕೂಟದ ಬೇರೆ ದೇಶಗಳಿಗೆ ವರ್ಷಕ್ಕೆ 10,000 ಯೂರೋಗಳಿಗಿಂತ ಹೆಚ್ಚು ಮಾರಿದವರು ಗಿರಾಕಿಯ ದೇಶದ ದರದಲ್ಲಿಯೇ ತೆರಿಗೆ ಕಟ್ಟಬೇಕು. ಲಕ್ಸೆಂಬರ್ಗಿನಲ್ಲಿ ಸಾಮಾನ್ಯ ದರ ನೂರಕ್ಕೆ 17, ಹಂಗೇರಿಯಲ್ಲಿ 27. ದೇಶದೇಶದ ಕಚೇರಿಗೆ ಅಲೆಯದೆ, ತನ್ನ ನಾಡಿನಲ್ಲಿಯೇ ಒಂದು ಲೆಕ್ಕಪತ್ರ ಸಲ್ಲಿಸಿ ಮುಗಿಸುವ ಅನುಕೂಲ ಅದರೊಡನೆಯೇ ಬಂದುದು ಸಮಾಧಾನದ ಸಂಗತಿ. ಜರ್ಮನಿಗೆ ಕಳುಹಿಸುವುದು ಒಂದೇ ಪೊಟ್ಟಣವಾದರೂ, ಅದರ ರಟ್ಟು, ಕಾಗದಗಳಿಗಾಗಿ ಅಲ್ಲಿನ ದಾಖಲೆಯಲ್ಲಿ ಹೆಸರು ಬರೆಸಬೇಕೆಂಬುದು 2019ರಿಂದ ನಡೆದುಬಂದ ನಿಯಮ. ಬ್ರಿಟನ್ನಿನ ಸಣ್ಣ ವರ್ತಕರ ಪಾಡಂತೂ ಇನ್ನೊಂದು ತೆರ. ನಿನ್ನೆಯವರೆಗೆ ಒಳನಾಡಿನ ಕಾಗದದಂತೆ ಫ್ರಾನ್ಸಿಗೆ ಹೋಗುತ್ತಿದ್ದ ಅವರ ಪಾರ್ಸೆಲು, 2021ರ ಜನವರಿ 1ರ ಬೆಳಗಾಗುವಷ್ಟರಲ್ಲಿ ಪರದೇಶದ ಸರಕಾಗಿ ಸುಂಕದ ಕಾಗದಪತ್ರ ಬೇಡತೊಡಗಿತು.

ಇಷ್ಟು ನಿಯಮಗಳಿಗೆ ತಲೆಬಾಗಿಯೂ ಆಕೆ ಎದುರಿಸಬೇಕಾದ ಸ್ಪರ್ಧೆ ಸಾಮಾನ್ಯವಾದುದಲ್ಲ. 2024ರಲ್ಲಿ 150 ಯೂರೋಗಳ ಒಳಗಿನ ಬೆಲೆಯ ಸುಮಾರು 460 ಕೋಟಿ ಪೊಟ್ಟಣಗಳು ಹೊರಗಿನಿಂದ ಒಕ್ಕೂಟಕ್ಕೆ ಬಂದವು. ಅವುಗಳಲ್ಲಿ ಬಹುಪಾಲು ಚೀನದಿಂದ. ದಿನಕ್ಕೆ ಸುಮಾರು 1 ಕೋಟಿ 20 ಲಕ್ಷ! ಅವುಗಳಿಗೆ ಆಮದು ಸುಂಕವೇ ಇರಲಿಲ್ಲ. 2025ರ ಡಿಸೆಂಬರಿನಲ್ಲಿ ಸದಸ್ಯ ದೇಶಗಳ ಮಂತ್ರಿಗಳು, 2026ರ ಜುಲೈ 1ರಿಂದ ಇಂಥ ಸಾಮಾನಿಗೆ 3 ಯೂರೋ ಸುಂಕ ವಿಧಿಸಲು ಒಪ್ಪಿದರು. ಇನ್ನೊಂದು ಕಡೆ ಲಿಥುವೇನಿಯದಲ್ಲಿ 2008ರಲ್ಲಿ ಹುಟ್ಟಿದ ‘ವಿಂಟೆಡ್’ನಂಥ ಸಂತೆಗಳಲ್ಲಿ, ಒಮ್ಮೆ ತೊಟ್ಟ ಬಟ್ಟೆಯನ್ನು ಕೊಳ್ಳುವುದು ಸಂಕೋಚದ ವಿಷಯವಾಗಿ ಉಳಿಯದೆ ಜಾಣತನವೆನಿಸಿದೆ.

ಅನ್ಯರ ಸಂತೆಯಲ್ಲಿ ಕುಳಿತು ಮಾರುವುದರ ಅಪಾಯವನ್ನು ಬರ್ಲಿನ್ನಿನ ‘ದವಾಂಡ’ ತೋರಿಸಿಕೊಟ್ಟಿತು. ಕೈಕೆಲಸದ ಸಾಮಾನುಗಳಿಗೆಂದೇ 2006ರಲ್ಲಿ ತೆರೆದ ಆ ಮಾರುಕಟ್ಟೆ 2018ರ ಆಗಸ್ಟ್ ಕೊನೆಗೆ ಮುಚ್ಚಿತು. ವರ್ಷಗಟ್ಟಲೆ ಅಲ್ಲಿ ಗಳಿಸಿದ ಮೆಚ್ಚುಗೆಯ ಮಾತುಗಳನ್ನು ಬೇರೆಡೆಗೆ ಹೊತ್ತೊಯ್ಯುವುದು ಸುಲಭವಲ್ಲ. ಸಂತೆಯ ಜಾಗ ಬಾಡಿಗೆಯದಾಗಿರಬಹುದು. ಗಿರಾಕಿಯ ಪರಿಚಯ ಮಾತ್ರ ಸ್ವಂತದ್ದಾಗಿರಬೇಕು ಎಂಬುದು ಅಂದಿನ ಪಾಠ.

ಈ ಕಥೆ ಕರ್ನಾಟಕಕ್ಕೆ ತೀರ ದೂರದ್ದೇನಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಯೊಂದನ್ನು ಅಂತರಜಾಲದ ಮೂಲಕ ಪ್ಯಾರಿಸ್ಸಿನ ಮಗುವಿಗೆ ಮಾರಬೇಕಾದರೆ, ಆಟಿಕೆಯ ಸುರಕ್ಷತೆಯನ್ನು ಸಾರುವ ‘ಸಿಇ’ ಗುರುತು ಬೇಕು. ಅದಕ್ಕೆ ಜವಾಬ್ದಾರನಾದ ಒಬ್ಬನ ಹೆಸರು, ವಿಳಾಸ ಒಕ್ಕೂಟದೊಳಗೇ ಇರಬೇಕು. 2024ರ ಡಿಸೆಂಬರ್ 13ರಿಂದ ಜವಾಬ್ದಾರನ ಈ ನಿಯಮ ಇನ್ನೂ ಅನೇಕ ಬಗೆಯ ಸಾಮಾನುಗಳಿಗೆ ಹಬ್ಬಿದೆ. ಮಗುವಿನ ಬಾಯಿಗೆ ಹೋಗುವ ವಸ್ತುವಿಗೆ ಹೊಣೆಗಾರನೊಬ್ಬ ಬೇಡವೆನ್ನಲು ಯಾವ ತಾಯಿಯೂ ಒಪ್ಪಳು. ಹಾಗೆಂದು, ಹತ್ತು ಗೊಂಬೆ ಮಾರುವವನಿಗೆ ಆ ಹೊಣೆಗಾರನ ಸಂಬಳ ಕೈಗೆಟುಕೀತೆ?

ಆದರೂ ಆ ಕಾನೂನಿನ ಪುಸ್ತಕದಲ್ಲಿಯೇ ಸಣ್ಣವರ ಪಾಲಿಗೆ ಒಂದು ಕಿಂಡಿ ತೆರೆದಿದೆ. 14 ದಿನಗಳ ವಾಪಸಾತಿಯ ಹಕ್ಕು, ಒಬ್ಬ ಗಿರಾಕಿ ಹೇಳಿದಂತೆ ಅವನಿಗಾಗಿಯೇ ಮಾಡಿಕೊಟ್ಟ ವಸ್ತುವಿಗೆ ಅನ್ವಯಿಸುವುದಿಲ್ಲ. ಹಾಗೆಂದು ಮೊದಲೇ ತಿಳಿಸಿರಬೇಕು, ಅಷ್ಟೇ. ಬರ್ಲಿನ್ನಿನ ತಾಯಿಯೊಬ್ಬಳು ತನ್ನ ಮಗುವಿನ ಹೆಸರನ್ನು ಬರೆದು ಕಳುಹಿಸಿ, ಪೋರ್ಟೊದ ಹೆಂಗಸು ಅದನ್ನು ಟೋಪಿಯ ಅಂಚಿನಲ್ಲಿ ಹೆಣೆದರೆ, ಆ ಟೋಪಿ ಇನ್ನು ಯಾರ ತಲೆಗೂ ಸಲ್ಲದು. ಕೋಟಿ ಪೊಟ್ಟಣಗಳ ಪ್ರವಾಹದಲ್ಲಿ ಅಗ್ಗದ ಬೆಲೆಗೆ ಸರಿಸಾಟಿಯಾಗಿ ನಿಲ್ಲಲು ಆಕೆಯಿಂದಾಗದು. ನಿಲ್ಲಬೇಕಾದ ಅಗತ್ಯವೂ ಇಲ್ಲ. ಎಂದೂ ಮುಖ ಕಾಣದ ಆ ತಾಯಿ ತನ್ನ ಮಗುವಿನ ಹೆಸರನ್ನು ನಂಬಿ ಒಪ್ಪಿಸಿದ್ದಾಳೆ. ಅದರ ಅಕ್ಷರ ತಪ್ಪದಂತೆ ಹೆಣೆದು, ಹೇಳಿದ ದಿನಕ್ಕೆ ತಲುಪಿಸಿದರೆ, ಮುಂದಿನ ಚಳಿಗಾಲಕ್ಕೆ ಎರಡನೆಯ ಮಗುವಿನ ಹೆಸರೂ ಬಂದೀತು.