ಪ್ರಾರ್ಥನಾ ಸಮಾಜ್ ಸ್ಟಾಪು

ಗಿರಗಾಂವ್ ಕಡೆಯ ಬಸ್ಸಿನಲ್ಲಿ "ಏಕ್ ಪ್ರಾರ್ಥನಾ ಸಮಾಜ್" ಎಂದು ಟಿಕೇಟು ಕೇಳುವವರಲ್ಲಿ ಹೆಚ್ಚಿನವರಿಗೆ ಅದೊಂದು ನಾಕಾ, ಅಷ್ಟೇ. ಚರ್ಚ್‌ಗೇಟಿನಲ್ಲಿ ಹೇಗೆ ಗೇಟು ಹುಡುಕುವುದಿಲ್ಲವೋ ಹಾಗೆ ಇಲ್ಲಿ ಯಾರೂ ಸಮಾಜವನ್ನು ಹುಡುಕುವುದಿಲ್ಲ. ಮುಂಬಯಿಗೆ ಬಂದ ಮೊದಲ ಹತ್ತು ವರ್ಷ ನಾನೂ ಹುಡುಕಿರಲಿಲ್ಲ. ಆಮೇಲೊಮ್ಮೆ ನಮ್ಮ ಉತ್ತರ ಕನ್ನಡದವರೊಬ್ಬರು, "ಹೊನ್ನಾವರದಲ್ಲಿ ಹುಟ್ಟಿದವ ಆ ಸಮಾಜದ ಅಧ್ಯಕ್ಷನಾಗಿದ್ದ, ಗೊತ್ತುಂಟಾ ನಿಮ್ಗೆ?" ಎಂದರು. ನಮ್ಮ ಕಡೆಯವ ಅಂದರೆ ಸಾಕು, ಹೊರನಾಡಿನಲ್ಲಿರುವವನ ಕಿವಿ ನೆಟ್ಟಗಾಗುತ್ತದೆ.

ಅವರು ಹೇಳಿದ್ದು ನಾರಾಯಣ ಗಣೇಶ ಚಂದಾವರ್ಕರರನ್ನು. 1855ರಲ್ಲಿ ಹೊನ್ನಾವರದಲ್ಲಿ ಹುಟ್ಟಿ, ಓದಲು ಮುಂಬಯಿಗೆ ಬಂದು, ಇಲ್ಲಿಯ ಹೈಕೋರ್ಟಿನ ನ್ಯಾಯಾಧೀಶರಾದವರು. 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರು. 1885ರಲ್ಲಿ, ಕಡಲು ದಾಟಿದವನಿಗೆ ಪ್ರಾಯಶ್ಚಿತ್ತ ಇಲ್ಲವೇ ಬಹಿಷ್ಕಾರ ಎನ್ನುವ ಕಾಲದಲ್ಲಿ, ಇಂಗ್ಲೆಂಡಿಗೆ ಹೋಗಿ ಬಂದರು. ಮೂರ್ತಿಪೂಜೆ ಬೇಡ, ಜಾತಿ ಬೇಡ, ವಿಧವೆಗೆ ಮರುಮದುವೆ ಆಗಲಿ ಎನ್ನುವವರು 1867ರಲ್ಲಿ ಕಟ್ಟಿದ ಪ್ರಾರ್ಥನಾ ಸಮಾಜಕ್ಕೆ ಅವರು ಸೇರಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಆ ಸಮಾಜಕ್ಕೂ ಮೊದಲಿನ ಕತೆಯೊಂದಿದೆ, ನನಗೆ ಅದೇ ಹೆಚ್ಚು ಇಷ್ಟ. 1849ರಲ್ಲಿ ಇದೇ ಊರಲ್ಲಿ ಪರಮಹಂಸ ಸಭೆ ಎಂದೊಂದು ಗುಟ್ಟಿನ ಕೂಟವಿತ್ತು. ಅದಕ್ಕೆ ಸೇರುವವನು ಕ್ರಿಸ್ತುವರು ಸುಟ್ಟ ಪಾವ್ ತಿನ್ನಬೇಕು, ಮುಸಲ್ಮಾನರು ಕೊಟ್ಟ ನೀರು ಕುಡಿಯಬೇಕು. ಪಾವ್ ಇಲ್ಲದೆ ಬೆಳಗೇ ಆಗದ ಈಗಿನ ಮುಂಬಯಿಯಲ್ಲಿ ಇದನ್ನು ಹೇಳಿದರೆ ಜನ ನಗುತ್ತಾರೆ. ಆಗ ಅದು ನಗುವ ಮಾತಾಗಿರಲಿಲ್ಲ. 1860ರ ಸುಮಾರಿಗೆ ಸದಸ್ಯರ ಪಟ್ಟಿಯನ್ನು ಯಾರೋ ಕದ್ದರು. ಹೆಸರು ಹೊರಬೀಳುತ್ತದೆ ಅಂದದ್ದೇ ತಡ, ಸಭೆ ಚದುರಿಹೋಯಿತು. ಬಾಗಿಲು ಹಾಕಿಕೊಂಡು ಜಾತಿ ಮುರಿಯಬಲ್ಲವರು ಬಾಗಿಲು ತೆರೆದು ಮುರಿಯಲಾರದೆ ಹೋದರು. ಅವರನ್ನು ಹೇಡಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಮದುವೆಗೆ ಬಂದ ತಂಗಿಯರಿದ್ದರು, ಮುಪ್ಪಿನ ತಾಯಂದಿರಿದ್ದರು. ಅಷ್ಟು ದೊಡ್ಡ ಮನುಷ್ಯ ಮಹಾದೇವ ಗೋವಿಂದ ರಾನಡೆ, ಅವರೇ 1890ರಲ್ಲಿ ಪುಣೆಯ ಮಿಶನರಿಗಳ ಮನೆಯಲ್ಲಿ ಚಹಾ ಕೊಟ್ಟಾಗಿನ ಗಲಾಟೆಯಲ್ಲಿ ಸಿಕ್ಕಿಬಿದ್ದು, ಕೊನೆಗೆ ಪ್ರಾಯಶ್ಚಿತ್ತ ಮಾಡಿಕೊಂಡರು. ಜೊತೆಗಿದ್ದ ಗೆಳೆಯರ ಸಂಸಾರಕ್ಕೆ ತೊಂದರೆಯಾಗಬಾರದೆಂದು ಎನ್ನುತ್ತಾರೆ. ಒಂದು ಕಪ್ ಚಹಾ!

ಈ ಸಮಾಜದ ಇನ್ನೊಬ್ಬರೂ ನಮ್ಮ ನಾಡಿನವರೇ. ವಿಠ್ಠಲ ರಾಮಜಿ ಶಿಂದೆ, 1873ರಲ್ಲಿ ಜಮಖಂಡಿಯಲ್ಲಿ ಹುಟ್ಟಿದವರು. ಮನೆಮಾತು ಮರಾಠಿ, ಸುತ್ತಲಿನದು ಕನ್ನಡ. ಪ್ರಾರ್ಥನಾ ಸಮಾಜ ಅವರನ್ನು 1901ರಲ್ಲಿ ಆಕ್ಸ್‌ಫರ್ಡಿನ ಮ್ಯಾಂಚೆಸ್ಟರ್ ಕಾಲೇಜಿಗೆ ಕಳಿಸಿತು. ಆ ಕಾಲೇಜಿನ ಹುಟ್ಟೇ ಒಂದು ಜಗಳ. ಇಂಗ್ಲೆಂಡಿನ ಸರಕಾರಿ ಚರ್ಚನ್ನು ಒಪ್ಪದವರಿಗೆ ಅಲ್ಲಿಯ ಹಳೆಯ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದ್ದಾಗ, 1786ರಲ್ಲಿ ಆ ಒಪ್ಪದವರೇ ಕಟ್ಟಿಕೊಂಡದ್ದು. ಅಲ್ಲಿಂದ ಮರಳಿದ ಶಿಂದೆ 1906ರಲ್ಲಿ ಪರೇಲಿನಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದರು. ಅದಕ್ಕಾಗಿ ಕಟ್ಟಿದ ಮಂಡಳಿಯ ಅಧ್ಯಕ್ಷರು ಚಂದಾವರ್ಕರರು. ಹೊನ್ನಾವರ ಮತ್ತು ಜಮಖಂಡಿ ಪರೇಲಿನಲ್ಲಿ ಕೂಡಿದ ಹಾಗಾಯಿತು. ಆದರೆ 1910ರಲ್ಲಿ ಶಿಂದೆ ಸಮಾಜದ ಕೆಲಸ ಬಿಟ್ಟರು. ಒಪ್ಪದವರ ನಡುವೆಯೂ ಒಪ್ಪದವನೊಬ್ಬ ಇದ್ದೇ ಇರುತ್ತಾನೆ.

ಆ ಕಾಲೇಜಿನ ಬೇರು ಹಿಡಿದು ಹೊರಟರೆ ಇಂಗ್ಲೆಂಡಿನ ಪ್ಯೂರಿಟನ್ನರ ತನಕ ಹೋಗಬಹುದು. ತಮ್ಮ ದೇವರನ್ನು ತಮಗೆ ಸರಿಕಂಡಂತೆ ಪೂಜಿಸಲು ರಾಜನೂ ಬಿಷಪ್ಪರೂ ಬಿಡುವುದಿಲ್ಲವೆಂದು ಕಡಲು ದಾಟಿದ ಜನ. 1620ರಲ್ಲಿ ಮೇಫ್ಲವರ್ ಹಡಗಿನ ಒಂದು ತಂಡ, 1630ರಲ್ಲಿ ಬಾಸ್ಟನ್ ಕಟ್ಟಿದ ದೊಡ್ಡ ತಂಡ. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮುಂದಿನದು ಓದಿದರೆ ಬೇರೆ ತರದ ಜುಮ್ಮು. ಬಾಸ್ಟನ್ನಿಗೆ ಬಂದು ಐದು ವರ್ಷವಾಗುವುದರೊಳಗೆ, ಮನಸ್ಸಾಕ್ಷಿಯ ಮೇಲೆ ಸರಕಾರಕ್ಕೆ ಅಧಿಕಾರವಿಲ್ಲ ಎಂದ ರೋಜರ್ ವಿಲಿಯಮ್ಸನಿಗೆ ಗಡೀಪಾರು. ಮನೆಯಲ್ಲಿ ಹೆಂಗಸರನ್ನು ಕೂಡಿಸಿ ಪಾದ್ರಿಗಳ ಪ್ರವಚನದ ಮೇಲೆ ಮಾತಾಡುತ್ತಿದ್ದ ಆ್ಯನ್ ಹಚಿನ್‌ಸನ್ನಳ ಮೇಲೆ 1637ರಲ್ಲಿ ವಿಚಾರಣೆ, ಆಕೆಯನ್ನೂ ಹೊರಗೆ ಹಾಕಿದರು. ಕ್ವೇಕರ್ ಪಂಥದ ಮೇರಿ ಡೈಯರಳನ್ನು ಹೊರಗೆ ಹಾಕಿದರೂ ತಿರುಗಿ ಬಂದಳೆಂದು 1660ರಲ್ಲಿ ಗಲ್ಲಿಗೇರಿಸಿದರು. ಹಿಂಸೆ ತಾಳದೆ ಓಡಿಬಂದವರೇ ಮಾಡಿದ ಕೆಲಸ ಇದು. ಅವರಿಗೆ ಬೇಕಾಗಿದ್ದದ್ದು ತಮಗಷ್ಟೇ ಜಾಗ.

ಮುಂಬಯಿಯಲ್ಲಿ ಅದೇ ಇಂಗ್ಲಿಷರು ಬೇರೆ ಆಟ ಆಡಿದರು. 1668ರಲ್ಲಿ ದ್ವೀಪ ಕಂಪನಿಯ ಕೈಗೆ ಬಂತು. ಗವರ್ನರ್ ಜೆರಾಲ್ಡ್ ಆಂಜಿಯರನಿಗೆ ಬೇಕಾದದ್ದು ವ್ಯಾಪಾರಿಗಳು, ಕಸಬುದಾರರು. ಬನ್ನಿ, ನಿಮ್ಮ ಪೂಜೆ ನಿಮಗೆ, ನಿಮ್ಮ ಸುಡುಗಾಡು ನಿಮಗೆ. ಬನಿಯಾಗಳು ಬಂದರು, ಪಾರ್ಸಿಗಳು ಬಂದರು. ಇದು ದೊಡ್ಡ ಮನಸ್ಸಲ್ಲ, ಲೆಕ್ಕದ ಪುಸ್ತಕದ ಬುದ್ಧಿ. ಆದರೂ ಆ ಬುದ್ಧಿಯ ನೆರಳಲ್ಲೇ ನಾವೆಲ್ಲ ಬದುಕಿದ್ದು. ಪ್ರತಿಯೊಬ್ಬರಿಗೂ ಅವರವರ ಬೇಲಿ. ಕೆನರಾದ ಸಾರಸ್ವತರು 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ವಸತಿ ಕಟ್ಟಿಕೊಂಡರು. ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕ್ ತೆರೆದರು. ಬಂಟರಿಗೆ, ಮೊಗವೀರರಿಗೆ ಅವರವರ ಸಂಘ. ನಾನು ಇದನ್ನು ಹಂಗಿಸುತ್ತಿಲ್ಲ. ಟ್ರಂಕು ಹಿಡಿದು ಬಂದ ದಿನ ನನಗೆ ಚಾಪೆ ಹಾಸಿದ್ದು ನಮ್ಮವರದೇ ಖೋಲಿ, ನೌಕರಿ ಕೊಡಿಸಿದ್ದು ನಮ್ಮವರದೇ ಚೀಟಿ. ಆ ಅನ್ನದ ಋಣ ಇದೆ.

ಬೇಲಿ ಕಾಣಿಸುವುದು ಅದನ್ನು ದಾಟಿದಾಗ. ನನ್ನ ಮಗಳು ಕಚೇರಿಯ ಗೆಳೆಯನನ್ನು ಮದುವೆಯಾದಳು. ಹುಡುಗನದು ನಾಯಗಾಂವಿನ ಬಿಡಿಡಿ ಚಾಳು, ಮೂರು ತಲೆಮಾರು ಗಿರಣಿಯ ಜನ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರು ಬೌದ್ಧ ಧರ್ಮ ತೆಗೆದುಕೊಂಡರು. ಎರಡು ತಿಂಗಳೊಳಗೆ ತೀರಿಕೊಂಡರು. ಡಿಸೆಂಬರ್ 7ರಂದು ದಾದರಿನ ಕಡಲ ದಂಡೆಯಲ್ಲಿ ಅವರ ಚಿತೆಯ ಮುಂದೆಯೇ ಸಾವಿರಾರು ಜನ ದೀಕ್ಷೆ ತೆಗೆದುಕೊಂಡರು. ನಮ್ಮ ಅಳಿಯನ ಅಜ್ಜ ಅವರಲ್ಲೊಬ್ಬ. ಮನೆಗೆ ಬಂದು ಗೂಡಿನಲ್ಲಿದ್ದ ದೇವರನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ ಕಡಲಿಗೆ ಬಿಟ್ಟನಂತೆ. ಅಜ್ಜಿ ಮೂರು ದಿನ ಮಾತು ಬಿಟ್ಟಿದ್ದಳಂತೆ. ಈ ಕತೆಯನ್ನು ಅಳಿಯನ ತಂದೆ ನನಗೆ ಅದೇ ಖೋಲಿಯಲ್ಲಿ ಕೂತು ಹೇಳಿದರು. ಪ್ಯೂರಿಟನ್ನರು ದೇವರನ್ನು ಉಳಿಸಿಕೊಳ್ಳಲು ಊರು ಬಿಟ್ಟರು. ಈತ ಊರಲ್ಲೇ, ಅದೇ ಹತ್ತಡಿಯ ಖೋಲಿಯಲ್ಲೇ ಇದ್ದು ದೇವರನ್ನು ಬಿಟ್ಟ. ಮರುದಿನ ಅದೇ ನಲ್ಲಿಯ ಸಾಲಿನಲ್ಲಿ ಅದೇ ನೆರೆಹೊರೆಯವರ ಮುಖ ನೋಡಬೇಕು. ಯಾವುದು ಕಷ್ಟವೆಂದು ಕೇಳಿದರೆ ನಾನು ಎರಡನೆಯದು ಎನ್ನುತ್ತೇನೆ.

ಮದುವೆಯಾದ ಮೇಲೆ ಮಕ್ಕಳು ಬಾಡಿಗೆ ಮನೆ ಹುಡುಕಿದರು. ಉಪನಗರದ ಒಂದು ಸೊಸೈಟಿಯಲ್ಲಿ ಡಿಪಾಜಿಟ್ಟಿನ ತನಕ ಮಾತಾಗಿ, ಹುಡುಗನ ಅಡ್ಡಹೆಸರು ಕೇಳಿದ ಮೇಲೆ ಮನೆ ಖಾಲಿಯಿಲ್ಲವೆಂದರು. ಮಗಳು ಸಿಟ್ಟಿನಿಂದ ಅತ್ತಳು. ಅಳಿಯ ಮಾತ್ರ, "ಪಪ್ಪಾ, ಇದು ನಂಗೆ ಹೊಸದಲ್ಲ" ಎಂದು ಮುಂದಿನ ದಲಾಲನಿಗೆ ಫೋನು ಹಚ್ಚಿದ.

ಈಗ ಊರಿನ ಮಾತು. ಬರುವ ತಿಂಗಳು ಕುಮಟೆಯ ಕಡೆಯ ನಮ್ಮ ಮೂಲ ಮನೆಯಲ್ಲಿ ನಾಗನ ಪೂಜೆ. ಅಣ್ಣ ಯಜಮಾನ. ಪಂಕ್ತಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ಅಲ್ಲಿ ನನ್ನ ಅಜ್ಜನ ಕಾಲಕ್ಕೇ ತೀರ್ಮಾನವಾಗಿದೆ. ಮುಂಬಯಿಯಲ್ಲಿ ನಡೆದದ್ದು ಮುಂಬಯಿಯಲ್ಲೇ ಇರಲಿ ಎನ್ನುವುದು ಅಣ್ಣನ ನಿಲುವು. ಅದನ್ನು ಅವನು ಹೇಳುವುದಿಲ್ಲ, ಫೋನು ಮಾಡದೆ ತಿಳಿಸುತ್ತಾನೆ. ಅಮ್ಮ ಮಾತ್ರ ಒಮ್ಮೆ ಕೇಳಿಯೇಬಿಟ್ಟಳು: "ಹುಡ್ಗ ಒಳ್ಳೆಯವನೇ ಮಾರಾಯಾ, ಆದ್ರೆ ನಾಕು ಜನ್ರ ಎದ್ರಿಗೆ ಎಲ್ಲಿ ಕೂರ್ಸೂದು?"

"ನನ್ನ ಹತ್ರ ಕೂರ್ಸು" ಎಂದೆ.

"ನಿನ್ನನ್ನ ಎಲ್ಲಿ ಕೂರ್ಸೂದು ಅಂತ್ಲೇ ಈಗ ಕೇಳ್ತಾ ಇದ್ದಾರೆ."

ಪರಮಹಂಸ ಸಭೆಯ ಪಟ್ಟಿ ಕಳುವಾದ ರಾತ್ರಿ ಆ ಮನೆಗಳಲ್ಲಿ ಇಂಥದೇ ಮಾತು ನಡೆದಿರಬೇಕು. ನಮ್ಮ ಪಟ್ಟಿಯನ್ನಂತೂ ಯಾರೂ ಕದಿಯಬೇಕಾಗಿಲ್ಲ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್ಸಿಗೆ ಹೆಂಡತಿ ನಾಲ್ಕು ಟಿಕೇಟು ತೆಗೆಸಿದ್ದಾಳೆ, ನಾಲ್ಕೂ ಹೆಸರು ಅಡ್ಡಹೆಸರಿನ ಸಮೇತ ಅದರಲ್ಲಿವೆ. ಅದನ್ನೇ ನಿನ್ನೆ ಅಮ್ಮನಿಗೆ ಹೇಳಿದೆ. ಆಚೆಯಿಂದ ಸ್ವಲ್ಪ ಹೊತ್ತು ಉತ್ತರವಿಲ್ಲ. ಹಿತ್ತಿಲಲ್ಲಿ ಯಾರೋ ಕಾಯಿ ಸುಲಿಯುವ ಸದ್ದು ಫೋನಿನಲ್ಲೇ ಕೇಳುತ್ತಿತ್ತು. ಆಮೇಲೆ, "ಅವಂಗೆ ಕುಚ್ಚಲಕ್ಕಿ ಅನ್ನ ಸೇರ್ತದೋ ಇಲ್ವೋ ಕೇಳಿ ಹೇಳು" ಎಂದಳು.

ಅಣ್ಣನ ಫೋನು ಇನ್ನೂ ಬಂದಿಲ್ಲ.